ಅಮ್ಮ ಮೀನು ಬಿಟ್ಟದ್ದು

ನನಗೆ ಮೀನು ಸೇರುವುದಿಲ್ಲ. ಯಾಕೆಂದು ಕೇಳಿದರೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ. ಬಂಟ್ವಾಳದ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೀನಿಲ್ಲವೆಂದರೆ ಒಂದೋ ಯಾರಿಗೋ ಜ್ವರ, ಇಲ್ಲವೇ ಏನಾದರೂ ವ್ರತ. ಅಂಥ ಮನೆಯಲ್ಲಿ ಹುಟ್ಟಿದ ನಾನು ಮಾತು ಬರುವ ಮೊದಲೇ, ಬಾಯಿಗಿಟ್ಟ ಮೀನಿನ ಚೂರನ್ನು ನಾಲಗೆಯಿಂದ ಹೊರಗೆ ತಳ್ಳುತ್ತಿದ್ದೆನಂತೆ. ದಯೆ, ಕರುಣೆ ಎಂಬಂಥದ್ದೇನೂ ಅದರಲ್ಲಿ ಇರಲಿಲ್ಲ. ಕಾವಲಿಯ ಮೇಲೆ ಬಂಗುಡೆ ಹುರಿಯುವ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದೆ. ಪಕ್ಕದಲ್ಲಿ ಕೂತವರು ಮುಳ್ಳಿನಿಂದ ಬಿಳಿಯ ಮಾಂಸ ಬಿಡಿಸುವುದನ್ನು ಕಂಡರೆ ಬಟ್ಟಲು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಕೂರುತ್ತಿದ್ದೆ. ಕೋಳಿಯೂ ಹಾಗೆಯೇ, ಮೊಟ್ಟೆಯೂ ಹಾಗೆಯೇ.

ಅಮ್ಮ ಬಲವಂತ ಮಾಡಿದವಳಲ್ಲ. ಬಸಳೆ ಬೇಯಿಸಿದ ದಿನ ಎಲ್ಲರ ಪಾಲಿಗೆ ಒಣಸಿಗಡಿ ಹಾಕುವ ಮೊದಲು ಒಂದಿಷ್ಟನ್ನು ಸಣ್ಣ ಪಾತ್ರೆಗೆ ತೆಗೆದಿಡುತ್ತಿದ್ದಳು. ನನಗೆಂದೇ ಬೇರೆ ಸೌಟು ಇತ್ತು. ಮನೆಯೊಳಗೆ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ನಾಚಿಕೆ ಶುರುವಾಗುತ್ತಿದ್ದದ್ದು ಹೊರಗೆ, ನೆಂಟರ ಮನೆಗಳಲ್ಲಿ.

ಬೆಳ್ತಂಗಡಿಯ ಕಡೆಗೆ ಮದುವೆಯಾಗಿ ಹೋದ ಚಿಕ್ಕಮ್ಮ ಒಬ್ಬಳಿದ್ದಳು. ನಾವು ಬರುತ್ತೇವೆಂದು ತಿಳಿದು, ಸಾಕಿದ ಹುಂಜವನ್ನು ಕೊಯ್ದು, ಕಾಯಿಹಾಲು ಹಿಂಡಿ, ಬೆಳಗಿನಿಂದ ಒಲೆಯ ಮುಂದೆಯೇ ಕೂತು ಕೋಳಿಸಾರು ಮಾಡಿದ್ದಳು. ಎಲ್ಲರ ಬಟ್ಟಲಿಗೂ ಒಣರೊಟ್ಟಿ ಮುರಿದು ಹಾಕಿ, ಅದರ ಮೇಲೆ ಸಾರು ಹೊಯ್ಯುತ್ತಾ ನನ್ನ ಹತ್ತಿರ ಬಂದಾಗ ನಾನು ಬಟ್ಟಲಿನ ಮೇಲೆ ಎರಡೂ ಕೈ ಅಡ್ಡ ಇಟ್ಟೆ. ಅವಳಿಗೆ ನನ್ನ ವಿಷಯ ಮರೆತೇಹೋಗಿತ್ತು. ಸೌಟು ಬದಿಗಿಟ್ಟಳು. ಆಮೇಲೆ ಹಿತ್ತಲಿನಿಂದ ಆಚೆಮನೆಗೆ ಓಡಿ ಒಂದು ಲೋಟ ಮೊಸರು ತಂದು, "ಪಾಪ, ಮಗುವಿಗೆ ಕೊಡ್ಲಿಕ್ಕೆ ನಮ್ಮಲ್ಲಿ ಎಂಥದ್ದೂ ಇಲ್ಲ" ಅಂದಳು. ಪಾತ್ರೆ ತುಂಬ ಅಡುಗೆ ಮಾಡಿಟ್ಟಿದ್ದ ಹೆಂಗಸು ಆ ಮಾತು ಹೇಳುವ ಹಾಗೆ ಮಾಡಿದ್ದೆ ನಾನು. ಮೊಸರಿನಲ್ಲಿ ರೊಟ್ಟಿ ಅದ್ದಿ ತಿನ್ನುತ್ತಾ ತಲೆ ಎತ್ತಲಾಗದೆ ಕೂತದ್ದು ನೆನಪಿದೆ. ಆಮೇಲಿನ ವರ್ಷಗಳಲ್ಲಿ ನೆಂಟರ ಮನೆಗೆ ಹೋಗುವ ಮಾತು ಬಂದರೆ ಸಾಕು, ತಲೆನೋವು ಎಂದು ಮಲಗಿಬಿಡುತ್ತಿದ್ದೆ.

ಮದುವೆಯ ಮಾತುಕತೆಯಲ್ಲೂ ಇದು ಬಂತು. "ತಿನ್ನುವುದಿಲ್ಲ, ಆದರೆ ಮಾಡ್ಲಿಕ್ಕೆ ಬರ್ತದೆ" ಎಂದು ಅಮ್ಮ ಧೈರ್ಯವಾಗಿ ಹೇಳಿಬಿಟ್ಟಳು. ನಿಜವಾಗಿ ನನಗೆ ಬರುತ್ತಿರಲಿಲ್ಲ. ಆಮೇಲೆ ಬೂತಾಯಿ ಮೀನಿನ ತಲೆ ತೆಗೆಯುವುದನ್ನು, ಹೊಟ್ಟೆ ಸೀಳಿ ತೊಳೆಯುವುದನ್ನು ಹಿತ್ತಲ ಕಲ್ಲಿನ ಹತ್ತಿರ ಕೂರಿಸಿ ಕಲಿಸಿದಳು. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಕಲಿತೆ. ಗಂಡನಾಗಿ ಬಂದವರು ಒಳ್ಳೆಯ ಮನುಷ್ಯ. "ನೀನು ತಿನ್ನದಿದ್ರೆ ನನಗೆ ಎರಡು ಜಾಸ್ತಿ ಆಯ್ತು" ಎಂದು ನಕ್ಕು ಮುಗಿಸಿದರು.

ನನಗೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಮೂಡಬಿದಿರೆಗೆ ಬಂದಾಗ ಬಾಡಿಗೆ ಮನೆ ಹುಡುಕಿದೆವು. ಶಾಲೆಗೆ ಹತ್ತಿರ, ಬಾವಿಯ ನೀರು, ಗಾಳಿ ಬೆಳಕು ಇರುವ ಒಂದು ಮಹಡಿಮನೆ ಕಣ್ಣಿಗೆ ಬಿತ್ತು. ಕೆಳಗೆ ಇದ್ದವರು ಮನೆಯೊಡತಿ, ಎಪ್ಪತ್ತು ದಾಟಿದ ಜೈನ ಮಹಿಳೆ. ಬೀದಿಯವರೆಲ್ಲ ಅವರನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದರು, ಆಮೇಲೆ ನಾವೂ ಹಾಗೆಯೇ ಕರೆದೆವು. ಗಂಡ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆಗಿದ್ದರು. ಸೂರ್ಯ ಮುಳುಗುವ ಮೊದಲೇ ಊಟ, ನೀರು ಸೋಸಿಯೇ ಕುಡಿಯಬೇಕು, ಬಟಾಟೆ, ನೀರುಳ್ಳಿಯಂತೆ ನೆಲದೊಳಗೆ ಬೆಳೆದದ್ದು ಯಾವುದೂ ಬೇಡ. ಜಗಲಿಯಲ್ಲಿ ನಮ್ಮನ್ನು ಕೂರಿಸಿ ಬೆಲ್ಲ ನೀರು ಕೊಟ್ಟು, ತುಂಬ ಸಂಕೋಚದಿಂದಲೇ ಕೇಳಿದರು.

"ಬೇಸರ ಮಾಡ್ಬೇಡಿ. ನಿಮ್ಮ ಊಟ ಎಂಥದ್ದು?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಇವಳು ಮೀನು ಮುಟ್ಟುವುದೇ ಇಲ್ಲ. ಹುಟ್ಟಿದಾಗಿಂದ" ಅಂದರು.

"ಹೌದಾ!" ದೊಡ್ಡಕ್ಕನ ಮುಖ ಅರಳಿತು. "ಮತ್ತೆ ನೀವು?"

"ನಾನು ಮನೆಯೊಳಗೆ ತರುವುದಿಲ್ಲ" ಅಂದರು ಅವರು. ಅದು ಸುಳ್ಳಾಗಿರಲಿಲ್ಲ. ಅಂದಿನಿಂದ ಅವರು ಮನೆಯೊಳಗೆ ತಂದೂ ಇಲ್ಲ. ಭಾನುವಾರ ಮಡಂತ್ಯಾರಿನಲ್ಲಿ ಕೆಲಸವಿದೆ ಎಂದು ಹೊರಟರೆ ಅಲ್ಲಿಯ ಒಂದು ಸಣ್ಣ ಹೋಟೆಲಿನಲ್ಲಿ ಮೀನೂಟ ಮಾಡಿ, ವಾಪಸು ಬಂದು, ಹೊರಗಿನ ನಳ್ಳಿಯಲ್ಲಿ ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿಯುತ್ತಾ ಮೆಟ್ಟಿಲು ಹತ್ತುತ್ತಿದ್ದರು. ನಡುವಯಸ್ಸಿನ ಗಂಡಸು ಹೀಗೆ ಕದ್ದು ತಿನ್ನುವ ಹಾಗಾಯಿತಲ್ಲ ಎಂದು ನನಗೆ ಒಮ್ಮೊಮ್ಮೆ ಚುಚ್ಚುತ್ತಿತ್ತು. ಅವರಿಗೆ ಅದು ತಮಾಷೆ.

ಆದರೆ ನನ್ನ ವಿಷಯದಲ್ಲಿ ದೊಡ್ಡಕ್ಕನ ಲೆಕ್ಕ ಬೇರೆಯೇ ಇತ್ತು. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವರು ನಮ್ಮ ಟೀಚರ್. ಮೀನು ತಿನ್ನುವ ಮನೆಯಲ್ಲಿ ಹುಟ್ಟಿ, ಮೀನು ತಿನ್ನುವ ಮನೆಗೆ ಮದುವೆಯಾಗಿ, ಬಾಯಿಗೆ ಇಡುವುದಿಲ್ಲ. ಎಷ್ಟು ಗಟ್ಟಿ ಮನಸ್ಸು ನೋಡಿ" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಮೈಯೆಲ್ಲ ಬೆಚ್ಚಗಾಯಿತು. ಸಣ್ಣಂದಿನಿಂದ ಯಾವುದಕ್ಕೆ ಮುಖ ತಗ್ಗಿಸಿದ್ದೆನೋ ಅದನ್ನೇ ಯಾರೋ ಹೊಗಳುತ್ತಿದ್ದರು. ಅಲ್ಲ, ಅದು ಹಾಗಲ್ಲ ಎಂದು ಹೇಳಬೇಕೆನಿಸಲಿಲ್ಲ. ಮನೆಯ ಬಾಡಿಗೆ ಕರಾರೂ ಆ ಹೊಗಳಿಕೆಯ ಮೇಲೆಯೇ ನಿಂತಿತ್ತು.

ಈಗ ಎಲ್ಲರಿಗೂ ಊಟದ ಬಗ್ಗೆ ಒಂದೊಂದು ಸಿದ್ಧಾಂತ ಉಂಟು. ನಮ್ಮ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ಟ್ರು ಅನ್ನವೇ ವಿಷ ಎಂದು ಬಿಟ್ಟು, ಡಬ್ಬಿಯಲ್ಲಿ ಮೊಟ್ಟೆಯ ಬಿಳಿಭಾಗ ಮಾತ್ರ ತರುತ್ತಾರೆ. ಹಿಂದಿ ಟೀಚರ್ ಸಿರಿಧಾನ್ಯದ ಕಡೆ. ನವಣೆ, ಸಾಮೆ ಎಂದರೆ ಅವರಿಗೆ ಮಂತ್ರ ಹೇಳಿದಂತೆ. ಗಣಿತದವರು ದಿನದ ಹೆಚ್ಚಿನ ಹೊತ್ತು ಉಪವಾಸವಿದ್ದು ನಡುವೆ ಸ್ವಲ್ಪ ಸಮಯದಲ್ಲಿ ಮಾತ್ರ ತಿನ್ನುತ್ತಾರೆ. ಅದನ್ನು ಕೇಳಿ ದೊಡ್ಡಕ್ಕ, "ನಮ್ಮ ಅಜ್ಜಿ ಮಾಡ್ತಿದ್ದದ್ದು ಈಗ ಮೊಬೈಲಲ್ಲಿ ಬಂದಿದೆ" ಎಂದು ನಕ್ಕಿದ್ದರು. ಇವರೆಲ್ಲರ ನಡುವೆ ನಾನು ಕುಚ್ಚಲಕ್ಕಿ ಅನ್ನಕ್ಕೆ ಬಟಾಟೆ ಪಲ್ಯ ಕಲಸಿಕೊಂಡು ತಿನ್ನುವವಳು. ಸಂಜೆ ಬೇಕರಿಯ ಸಿಹಿ ಬನ್ನು ಸಿಕ್ಕರೆ ಇನ್ನೇನೂ ಬೇಡ. ನನಗೆ ಇರುವುದು ನಾಲಗೆ ಮಾತ್ರ, ಸಿದ್ಧಾಂತ ಇಲ್ಲ.

ಒಂದು ದಿನ ಹಿಂದಿ ಟೀಚರ್ ಎಲ್ಲರ ಎದುರು ಕೇಳಿದರು. "ಟೀಚರ್, ನಿಮ್ಮವರೆಲ್ಲ ತಿನ್ತಾರೆ, ನೀವು ಯಾಕೆ ಬಿಟ್ಟದ್ದು?"

ಸೇರುವುದಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟೊಂದು ಓದಿ, ವಿಡಿಯೊ ನೋಡಿ ಊಟ ಮಾಡುವವರ ನಡುವೆ ಆ ಉತ್ತರ ತೀರಾ ಸಣ್ಣದೆನಿಸಿತು. "ಒಂದು ಜೀವ ತೆಗೆದು ಹೊಟ್ಟೆ ತುಂಬಿಸುವುದು ನನ್ನಿಂದಾಗುವುದಿಲ್ಲ" ಅಂದುಬಿಟ್ಟೆ. ಹಿಂದಿ ಟೀಚರ್ ಚಮಚ ಕೆಳಗಿಟ್ಟರು. ಪಿ.ಟಿ. ಮಾಸ್ಟ್ರು ಕೂಡ ಡಬ್ಬಿಯ ಮುಚ್ಚಳ ಹಾಕಿಕೊಂಡರು. ನನ್ನದೇ ಬಾಯಿಂದ ಬಂದ ಆ ಮಾತು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಅದು ನಿಜವಿರಬಹುದೇನೋ ಎಂದು ನನಗೇ ಅನಿಸಿತು.

ಹಿಂದಿ ಟೀಚರ್ ಮನೆ ದೊಡ್ಡಕ್ಕನ ಬೀದಿಯಲ್ಲೇ. ಮಾತು ಅಲ್ಲಿಗೆ ತಲುಪಲು ತಡವಾಗಲಿಲ್ಲ. ಬೀದಿಯ ಹೆಂಗಸರು ಸೇರಿ ಊಟ ಮತ್ತು ಆರೋಗ್ಯದ ಬಗ್ಗೆ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಊರೂರು ತಿರುಗಿ ಆಹಾರದ ಬಗ್ಗೆ ಭಾಷಣ ಮಾಡುವ ಒಬ್ಬರನ್ನು ಎಲ್ಲಿಂದಲೋ ಕರೆಸಿದ್ದರು. ದೊಡ್ಡಕ್ಕ ಮೇಲೆ ಬಂದು, "ನೀವೂ ಎರಡು ಮಾತು ಹೇಳ್ಬೇಕು ಟೀಚರ್. ಹುಟ್ಟಿನಿಂದ ಬಂದವರು ನಾವು ಹೇಳುವುದು ಬೇರೆ, ನಿಮ್ಮ ಹಾಗೆ ಬಿಟ್ಟವರು ಹೇಳುವುದು ಬೇರೆ" ಅಂದರು. ನಾನು ಒಪ್ಪಿದೆ.

ಅದೇ ವಾರ ಕಣ್ಣಿನ ಪೊರೆ ತೋರಿಸಲೆಂದು ಅಮ್ಮ ಬಂಟ್ವಾಳದಿಂದ ನಮ್ಮಲ್ಲಿಗೆ ಬಂದಿದ್ದಳು. ಅವಳು ಬರುವುದೇ ಅಪರೂಪ, ಬಂದರೂ ಹೆಚ್ಚು ದಿನ ನಿಲ್ಲುವವಳಲ್ಲ. ಇಲ್ಲಿ ಮೀನಿಲ್ಲದ್ದಕ್ಕೆ ಅವಳು ಒಂದು ದಿನವೂ ಮುಖ ಸಣ್ಣ ಮಾಡಿದವಳಲ್ಲ. ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಂಡು, "ಇಲ್ಲಿಯ ನೀರು ಒಳ್ಳೆದುಂಟು" ಎನ್ನುವಳು. ಕಾರ್ಯಕ್ರಮಕ್ಕೆ ಅವಳು ಬರುವುದು ಬೇಡವೆಂದು ನನಗೆ ಒಳಗೊಳಗೇ ಇತ್ತು. ಆದರೆ ದೊಡ್ಡಕ್ಕನೇ ಕೈಹಿಡಿದು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮಗಳ ಭಾಷಣ ಕೇಳಲು ಕೂತಿದ್ದಳು.

ಭಾಷಣದ ವಿವರ ಬೇಡ. ಸ್ಟಾಫ್ ರೂಮಿನಲ್ಲಿ ಹೇಳಿದ್ದನ್ನೇ ಉದ್ದ ಮಾಡಿ ಹೇಳಿದೆ. ಅಮ್ಮನ ಕಡೆಗೆ ನೋಡದೆ ಹಿಂದಿನ ಸಾಲಿನ ಫ್ಯಾನ್ ನೋಡುತ್ತಾ ಹೇಳಿದೆ. ಚಪ್ಪಾಳೆ ಬಿತ್ತು. ನನ್ನ ನಂತರ ಎದ್ದ ಆ ಭಾಷಣಕಾರರು ಮಾತನ್ನು ನನ್ನಿಂದಲೇ ಶುರು ಮಾಡಿದರು.

"ನೋಡಿ, ಕೆಸರಿನಲ್ಲಿ ಕಮಲ ಅರಳುವುದೆಂದರೆ ಇದು. ಹಿಂಸೆಯ ಊಟ ಮಾಡುವ ಮನೆಯಲ್ಲಿ ಹುಟ್ಟಿ, ಇಂಥ ಸಂಸ್ಕಾರ!"

ಕೆಸರು ಎಂದದ್ದು ಯಾವುದನ್ನೆಂದು ಸಭೆಯಲ್ಲಿ ಎಲ್ಲರಿಗೂ ತಿಳಿಯಿತು. ಅಮ್ಮನಿಗೂ ತಿಳಿಯಿತು. ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೇ. ನಾನು ವೇದಿಕೆಯ ಕುರ್ಚಿಯಲ್ಲಿ, ಹೆಗಲಿಗೆ ಬೀದಿಯ ಹೆಂಗಸರು ಹೊದಿಸಿದ ಶಾಲಿನೊಳಗೆ ಬೆವರುತ್ತಾ ಕೂತಿದ್ದೆ. ಅಷ್ಟಕ್ಕೆ ನಿಲ್ಲುತ್ತಿದ್ದರೆ ನಾನು ಹೇಗಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಯಾರೋ ಅವರಿಗೆ, ತಾಯಿಯೂ ಬಂದಿದ್ದಾರೆ ಎಂದು ಕಿವಿಯಲ್ಲಿ ಹೇಳಿದರು. ಅವರಿಗೆ ಹುರುಪು ಬಂತು. ಅಮ್ಮನನ್ನು ವೇದಿಕೆಗೆ ಕರೆಸಿದರು. ಉದ್ಘಾಟನೆಗೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಅದರ ಎದುರು ಅವಳನ್ನು ನಿಲ್ಲಿಸಿ ಮೈಕು ಹಿಡಿದರು.

"ಅಮ್ಮಾ, ಮಗಳು ದಾರಿ ತೋರಿಸಿದ್ದಾಳೆ. ಇವತ್ತು ಈ ದೀಪದ ಎದುರು ನೀವೂ ಒಂದು ಮಾತು ಕೊಡಿ. ಇನ್ನು ಮೇಲೆ ಮೀನು ಮಾಂಸ ಮುಟ್ಟುವುದಿಲ್ಲ ಅಂತ."

ಅಮ್ಮ ನನ್ನತ್ತ ತಿರುಗಿ ನೋಡಿದಳು. ಬೇಡ ಎನ್ನಲು ಅವಳಿಗೆ ನನ್ನ ಒಂದು ಕಣ್ಣಿನ ಸನ್ನೆ ಸಾಕಿತ್ತು. ನಾನು ತಲೆ ತಗ್ಗಿಸಿದೆ. ಮೈಕಿನಲ್ಲಿ ಸಣ್ಣದಾಗಿ ಅವಳ ದನಿ ಕೇಳಿಸಿತು.

"ಆಯ್ತು. ಇನ್ನು ತಿನ್ನುವುದಿಲ್ಲ."

ಚಪ್ಪಾಳೆ ನನಗೆ ಬಿದ್ದದ್ದಕ್ಕಿಂತ ಜೋರಾಗಿತ್ತು.

ಮನೆಗೆ ಬಂದ ಮೇಲೆ ಅಮ್ಮ ಆ ವಿಷಯ ಎತ್ತಲಿಲ್ಲ. ನಾನು ಎತ್ತಲು ಹೋದೆ. "ಅವರು ಎಂಥದ್ದೋ ಹೇಳಿದ್ರು ಅಂತ ನೀನು..." ಎಂದೆ. "ಶಾಲು ಒಳ್ಳೆದುಂಟು, ಚಳಿಗೆ ಆಗ್ತದೆ" ಅಂದಳು. ಮರುದಿನ ಬೆಳಗ್ಗೆಯ ಬಸ್ಸಿಗೆ ಬಂಟ್ವಾಳಕ್ಕೆ ಹೋದಳು. ಅವಳು ಅದನ್ನು ಮನಸ್ಸಿಗೆ ತೆಗೆದುಕೊಂಡಿಲ್ಲ, ಊರಿಗೆ ಹೋದ ಕೂಡಲೇ ಮರೆಯುತ್ತಾಳೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಕೆಲವು ವಾರಗಳ ನಂತರ ಅತ್ತಿಗೆಯ ಫೋನ್ ಬಂತು. ಅಮ್ಮ ಇರುವುದು ಅಣ್ಣ ಅತ್ತಿಗೆಯ ಜೊತೆ. ಅತ್ತಿಗೆ ಸುಮ್ಮನೆ ಫೋನ್ ಮಾಡುವವಳಲ್ಲ.

"ಅತ್ತೆ ಮೀನು ಮುಟ್ತಾ ಇಲ್ಲ ಮಾರಾಯ್ತಿ. ಕೇಳಿದ್ರೆ ನಗ್ತಾರೆ. ಗಂಜಿಯನ್ನೂ ಅರ್ಧಕ್ಕೆ ಬಿಡ್ತಾರೆ. ಅಲ್ಲಿ ಎಂಥ ಆಯ್ತು?"

ನಾನು ಆಗಿದ್ದನ್ನು ಹೇಳಿದೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ನೀನು ಅಲ್ಲೇ ಇದ್ದೆ ಅಲ್ವಾ?" ಎಂದಷ್ಟೇ ಕೇಳಿದಳು.

ಮುಂದಿನ ಭಾನುವಾರ ಬಂಟ್ವಾಳಕ್ಕೆ ಹೋದೆ. ನಾನು ಅಂಗಳಕ್ಕೆ ಕಾಲಿಡುವಾಗ ಮೀನಿನವರ ಸ್ಕೂಟರ್ ಗೇಟಿನ ಹತ್ತಿರ ನಿಂತಿತ್ತು. ಅಮ್ಮ ಪೆಟ್ಟಿಗೆಯೊಳಗೆ ಬಗ್ಗಿ ಒಂದೊಂದೇ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಳು. "ಇದು ನಿನ್ನೆಯದ್ದು, ಇದು ಬೇಡ" ಎಂದು ಬದಿಗಿಡುತ್ತಿದ್ದಳು. ಒಂದು ಕ್ಷಣ ನನಗೆ ಜೀವ ಬಂದಂತಾಯಿತು. ಆದರೆ ಅದು ಅಣ್ಣ, ಅತ್ತಿಗೆ, ಮಕ್ಕಳಿಗೆ. ಆರಿಸುವುದನ್ನಾಗಲಿ, ಅಡುಗೆಯನ್ನಾಗಲಿ ಅವಳು ಬೇರೆಯವರಿಗೆ ಬಿಟ್ಟಿರಲಿಲ್ಲ. ಮೆಣಸು, ಹುಳಿ ಕಡೆದು ಮೀನಿನ ಪುಳಿಮುಂಚಿ ಸಾರು ಮಾಡಿದಳು. ಕುದಿ ಬರುವಾಗ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟು ನೆಕ್ಕುವುದು ಅವಳ ಅಭ್ಯಾಸ. ಅಂದು ಸೌಟು ಎತ್ತಿದಳು, ಅಂಗೈ ಮುಂದೆ ಬಂತು, ಹಾಗೆಯೇ ಸೌಟನ್ನು ಪಾತ್ರೆಗೆ ಇಳಿಸಿದಳು. ಬಡಿಸಿದಾಗ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಣ್ಣ ಸುಮ್ಮನೆ ಅನ್ನ ಹೆಚ್ಚು ಕಲಸಿಕೊಂಡು ಉಂಡ. ಮಕ್ಕಳು ಏನೋ ಹೇಳಲು ಹೊರಟಾಗ ಅತ್ತಿಗೆ ಕಣ್ಣು ಬಿಟ್ಟಳು.

ಅಮ್ಮ ನನ್ನ ಪಕ್ಕ ಕೂತು, ನನಗೆ ತೆಗೆದಿಟ್ಟ ಬಸಳೆಯಲ್ಲೇ ತಾನೂ ಉಂಡಳು. ತುತ್ತು ಕಟ್ಟಿ, ಬಾಯಿಗೆ ಇಟ್ಟು, ನೀರು ಕುಡಿದು ನುಂಗುತ್ತಿದ್ದಳು. ಸೇರದ್ದನ್ನು ತಿನ್ನುವುದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆ ತುತ್ತುಗಳನ್ನು ನೋಡಲು ನನ್ನಿಂದಾಗಲಿಲ್ಲ.

ಊಟವಾದ ಮೇಲೆ ಹಿತ್ತಲಲ್ಲಿ ಅವಳನ್ನು ಹಿಡಿದೆ.

"ಅಮ್ಮ, ಅದನ್ನೆಲ್ಲ ಬಿಡು. ಯಾರೋ ಮೈಕ್ ಹಿಡಿದ್ರು ಅಂತ ಹೇಳಿದ್ದು ಮಾತಾ?"

"ದೀಪ ಇತ್ತಲ್ಲ ಮಗಾ."

"ನೀನು ಆಗುವುದಿಲ್ಲ ಅಂತ ಹೇಳ್ಬಹುದಿತ್ತು."

"ಹೇಳಿದ್ರೆ ಅಲ್ಲಿ ನಿನ್ನ ಮರ್ಯಾದೆ ಎಂಥ ಆಗ್ತಿತ್ತು? ಅಷ್ಟು ಚೆಂದ ಮಾತಾಡಿದ್ದೆ. ತಾಯಿಯೇ ಒಪ್ಪಲಿಲ್ಲ ಅಂತ ಆಗ್ತಿತ್ತು." ಸ್ವಲ್ಪ ತಡೆದು ಕೇಳಿದಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ. "ನಿನಗೆ ಸಣ್ಣದಿರುವಾಗಲೂ ಹಾಗೇ ಅನಿಸ್ತಿತ್ತಾ? ಜೀವ ತೆಗೀತೇವೆ ಅಂತ? ನನಗೆ ಗೊತ್ತೇ ಇರಲಿಲ್ಲ. ನಿನ್ನ ಎದುರಲ್ಲೇ ಕೊಯ್ತಿದ್ದೆವು."

ಇಷ್ಟು ವರ್ಷ ನನ್ನ ಎದುರು ಮೀನು ಹೆಚ್ಚಿದ್ದಕ್ಕೆ ಅವಳು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಳು. "ಇಲ್ಲಮ್ಮ, ವಾಸನೆ ಆಗುವುದಿಲ್ಲ, ಅಷ್ಟೇ. ಆವತ್ತು ಹೇಳಿದ್ದೆಲ್ಲ ಸುಳ್ಳು" ಅಂದೆ. ಅವಳು ನಂಬಿದಂತೆ ಕಾಣಲಿಲ್ಲ. ತನ್ನ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು. ನನ್ನ ಸುಳ್ಳನ್ನು ದೀಪದ ಎದುರು ನಂಬಿದವಳು ನಿಜವನ್ನು ಹಿತ್ತಲಲ್ಲಿ ನಂಬಲಿಲ್ಲ.

ಅಂದು ಮೂಡಬಿದಿರೆಗೆ ಮರಳಿದಾಗ ಇನ್ನೂ ಬೆಳಕಿತ್ತು. ದೊಡ್ಡಕ್ಕ ಜಗಲಿಯಲ್ಲಿ ಕೂತು ಊಟ ಮುಗಿಸುತ್ತಿದ್ದರು. ಮೇಲೆ ಹೋಗದೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನಾನು ಬಿಟ್ಟವಳಲ್ಲ, ನನಗೆ ಬೇಕೆನಿಸಿದ್ದೇ ಇಲ್ಲ. ಸಭೆಯಲ್ಲಿ ಹೇಳಿದ್ದು ಕಟ್ಟಿದ ಮಾತು. ಗಂಡ ಭಾನುವಾರ ಎಲ್ಲಿಗೆ ಹೋಗುತ್ತಾರೆಂಬುದನ್ನೂ ಹೇಳಿಬಿಟ್ಟೆ. ಮನೆ ಬಿಡಲು ಹೇಳುತ್ತಾರೆಂದೇ ಎಣಿಸಿದ್ದೆ.

ದೊಡ್ಡಕ್ಕ ಕೈ ತೊಳೆದು ಬಂದು ಕೂತರು.

"ನಿಮ್ಮ ಯಜಮಾನ್ರದ್ದು ನನಗೆ ಗೊತ್ತುಂಟು. ಏಲಕ್ಕಿ ವಾಸನೆ ಅಷ್ಟು ಜೋರು ಯಾಕೆ ಬರ್ತದೆ ಅಂತ ಗೊತ್ತಾಗುವುದಿಲ್ವಾ?" ಅವರು ನಗಲಿಲ್ಲ. "ನನಗೆ ಸಣ್ಣದರಲ್ಲಿ ಬಟಾಟೆ ಅಂದ್ರೆ ಪ್ರಾಣ, ಟೀಚರ್. ಮದುವೆ ಆದ ಮೇಲೂ ಕದ್ದು ತಿಂದದ್ದುಂಟು. ಬಿಡ್ತೇನೆ ಅಂತ ಹೇಳುವುದು, ಪುನಃ ತಿನ್ನುವುದು, ಅಳುವುದು. ಹೀಗೆ ಎಷ್ಟೋ ವರ್ಷ ಹೋಯ್ತು. ಬೇಕು ಅಂತ ಇರುವುದನ್ನು ನಾವೇ ಮನಸ್ಸು ಮಾಡಿ ಬಿಟ್ರೆ ಅದು ವ್ರತ. ನಿಮ್ಮದು ವ್ರತ ಅಲ್ಲ. ಆದರೆ ನಿಮ್ಮ ತಾಯಿಯದ್ದೂ ವ್ರತ ಅಲ್ಲ. ಅದು ನಾವೆಲ್ಲ ಸೇರಿ ಅವರನ್ನು ಕಟ್ಟಿ ಹಾಕಿದ್ದು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದು ನಾನೇ ಅಲ್ವಾ?"

ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು ಯಾವುದನ್ನು ಬಿಟ್ಟೆನೆಂದು ಶಾಲು ಹೊದ್ದುಕೊಂಡಿದ್ದೆನೋ ಅಂಥ ಬಿಡುವಿಕೆಯ ಕಷ್ಟ ನಿಜವಾಗಿ ಉಂಡ ಹೆಂಗಸು ನನ್ನೆದುರು ಕೂತಿದ್ದರು. ಅವರು ಎಂದೋ ಅತ್ತು ಬಿಟ್ಟ ಬಟಾಟೆಯನ್ನು ನಾನು ದಿನಾ ಡಬ್ಬಿಯಲ್ಲಿ ಕಟ್ಟಿಕೊಂಡು ಅವರ ಮೆಟ್ಟಿಲು ಇಳಿಯುತ್ತಿದ್ದೆ.

"ನಾಡಿದ್ದು ಶಾಲೆಗೆ ರಜೆ ಉಂಟಲ್ಲ? ಬಂಟ್ವಾಳಕ್ಕೆ ಹೋಗುವ" ಅಂದರು ದೊಡ್ಡಕ್ಕ.

ನನ್ನ ಗಂಡ ಕಾರು ಓಡಿಸಿದರು. ದೊಡ್ಡಕ್ಕ ಬರುತ್ತಾರೆಂದು ಅತ್ತಿಗೆಗೆ ಮೊದಲೇ ತಿಳಿಸಿದ್ದೆ. ಹೋಗಿ ನೋಡಿದರೆ ಅಮ್ಮ ಬೆಳಗಿನಿಂದ ಮನೆಯನ್ನು ತೊಳೆದು, ಆ ದಿನ ಮೀನು ತರಿಸದೆ, ಮೀನು ಕೊಯ್ಯುವ ಕಲ್ಲಿನ ಮೇಲೂ ನೀರು ಹೊಯ್ದು, ಗೋಣಿ ಮುಚ್ಚಿಟ್ಟಿದ್ದಳು. ತಮ್ಮ ನೀರಿನ ಬಾಟಲಿಯನ್ನು ದೊಡ್ಡಕ್ಕ ತಂದಿದ್ದರು. ಅಮ್ಮ ಅದನ್ನು ನೋಡಿ, "ನಮ್ಮ ಪಾತ್ರೆ ಬೇಡ ಅಕ್ಕ, ಇದಾಗ್ತದಲ್ಲ?" ಎಂದು ಅಂಗಳದಲ್ಲೇ ಕೆತ್ತಿಸಿದ ಎಳನೀರಿನ ಬೊಂಡವನ್ನು ಕೊಟ್ಟಳು. ದೊಡ್ಡಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಆಮೇಲೆ ಅಮ್ಮನ ಎದುರಿನ ಮಣೆಯ ಮೇಲೆ ಕಷ್ಟಪಟ್ಟು ಕೂತರು.

"ಒಂದು ವಿಷಯ ಹೇಳ್ಲಿಕ್ಕೆ ಬಂದೆ. ತಿನ್ನಿ ಅಂತ ನನ್ನ ಬಾಯಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ. ತಿನ್ನುವುದು, ತಿನ್ನಿಸುವುದು, ತಿನ್ನಿ ಅನ್ನುವುದು, ಮೂರೂ ನಮಗೆ ಒಂದೇ. ಆದರೆ ಆವತ್ತು ನಮ್ಮ ಸಭೆಯಲ್ಲಿ ನೀವು ಕೊಟ್ಟ ಮಾತನ್ನು ನಾವು ತೆಗೆದುಕೊಳ್ಳಬಾರದಿತ್ತು. ಅದನ್ನು ನಿಮಗೇ ವಾಪಸು ಕೊಡ್ಲಿಕ್ಕೆ ಬಂದದ್ದು. ನಿಮ್ಮ ಮನೆಯನ್ನು ಕೆಸರು ಅಂದದ್ದಕ್ಕೆ ತಪ್ಪಾಯ್ತು."

ಅವರು ಕೈ ಮುಗಿದರು. ಅಮ್ಮ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡಳು.

"ಅಯ್ಯೋ, ದೊಡ್ಡವರು ನೀವು, ಎಂಥ ಮಾಡ್ತೀರಿ! ಅದು ನೀವು ಹೇಳಿದ್ದಲ್ಲ."

"ನಾನು ಸುಮ್ಮನೆ ಕೂತಿದ್ದೆ."

ಅದೇ ಮಾತನ್ನು ಹೇಳಬೇಕಾದವಳು ನಾನು. ಕಂಬಕ್ಕೆ ಒರಗಿ ನಿಂತೇ ಇದ್ದೆ. ನನ್ನ ಗಂಡ ಅಂಗಳಕ್ಕೆ ಇಳಿದು ಕಾರಿನ ಗಾಜು ಒರೆಸತೊಡಗಿದರು. ಅಮ್ಮ ದೊಡ್ಡಕ್ಕನ ಕೈಗಳನ್ನು ಬಿಡದೆ, ಅವರ ಮಂಡಿನೋವಿನ ಬಗ್ಗೆ, ತನ್ನ ಕಣ್ಣಿನ ಬಗ್ಗೆ, ಈ ವರ್ಷದ ಸೆಕೆಯ ಬಗ್ಗೆ ಕೇಳುತ್ತಾ ಹೇಳುತ್ತಾ ಹೋದಳು. ಹೊರಡುವಾಗ ಒಂದು ಗೊನೆ ಬಾಳೆಹಣ್ಣು ಕಾರಿನಲ್ಲಿಟ್ಟಳು. ಮೀನಿನ ಮಾತಿಗೆ ಅವಳು ಹೇಳಿದ್ದು ಒಂದೇ ಮಾತು: "ನೋಡುವ."

ಆಮೇಲೆಯೂ ಅವಳು ಬೇಗ ತಿನ್ನಲಿಲ್ಲ. ಮಳೆಗಾಲ ಶುರುವಾಗಿ, ಕಡಲಿಗೆ ದೋಣಿ ಇಳಿಯದೆ, ಮನೆಯಲ್ಲಿ ಎಲ್ಲರೂ ಒಣಮೀನಿನಲ್ಲೇ ದಿನ ಕಳೆದರು. ಪುನಃ ಹಸಿ ಮೀನು ಬರಲು ಶುರುವಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದಳು. ದನಿ ತಗ್ಗಿಸಿ, ಪಕ್ಕದ ಕೋಣೆಗೆ ಕೇಳಿಸಬಾರದೆಂಬಂತೆ, "ಅತ್ತೆ ಇವತ್ತು ಬೂತಾಯಿ ತಿಂದ್ರು. ನಾನು ನೋಡದ ಹಾಗೆ ಆಚೆ ಹೋದೆ" ಅಂದಳು. ನಾನು ಶಾಲೆಯ ಕಾರಿಡಾರಿನಲ್ಲಿ ನಿಂತು ಅತ್ತುಬಿಟ್ಟೆ. ಮಕ್ಕಳು ನೋಡುತ್ತಾ ಹೋದರು.

ನಾವು ಅದೇ ಮಹಡಿಮನೆಯಲ್ಲಿದ್ದೇವೆ. ದೊಡ್ಡಕ್ಕ ಬಂದವರಿಗೆ ನನ್ನನ್ನು ಈಗ "ಮೇಲಿನ ಮನೆಯವರು" ಎಂದಷ್ಟೇ ಪರಿಚಯಿಸುತ್ತಾರೆ. ಸ್ಟಾಫ್ ರೂಮಿನಲ್ಲಿ ನಾನೇ ಒಂದು ದಿನ ಮಾತು ತೆಗೆದು, ಅವತ್ತು ಹೇಳಿದ್ದು ಸುಳ್ಳು, ನನಗೆ ಮೀನಿನ ವಾಸನೆ ಆಗುವುದಿಲ್ಲ, ಅಷ್ಟೇ ಎಂದು ಹೇಳಿದೆ. ಹಿಂದಿ ಟೀಚರ್, "ನಿಮ್ಮದು ದೊಡ್ಡ ಗುಣ, ಹೇಳಿಕೊಳ್ಳುವುದೇ ಇಲ್ಲ" ಅಂದರು. ಇನ್ನೊಮ್ಮೆ ಹೇಳಿದೆ. ಗಂಟೆ ಹೊಡೆಯಿತು, ಎಲ್ಲರೂ ಕ್ಲಾಸಿಗೆ ಎದ್ದರು.

ಬಂಟ್ವಾಳಕ್ಕೆ ಹೋದಾಗಲೆಲ್ಲ ಅಮ್ಮನ ಪಕ್ಕ ಊಟಕ್ಕೆ ಕೂರುತ್ತೇನೆ. ನಾನಿರುವಾಗ ಅವಳು ಮೀನು ಬಡಿಸಿಕೊಳ್ಳುವುದಿಲ್ಲ. "ಹಾಕ್ಕೋ ಅಮ್ಮ, ನನಗೆ ಏನೂ ಆಗುವುದಿಲ್ಲ" ಎಂದು ಕಳೆದ ಸಲ ನಾನೇ ಪಾತ್ರೆಯ ಮುಚ್ಚಳ ತೆಗೆದೆ. ಅವಳು ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು ಪುನಃ ಮುಚ್ಚಿದಳು.

"ಪರವಾಗಿಲ್ಲ ಮಗಾ. ನೀನು ಹೋದ ಮೇಲೆ ತಿನ್ತೇನೆ."